ಒಳಪದರ

ಮಲ್ಪೆಯಲ್ಲಿ ನಾನು ಅಳತೆ ತೆಗೆಯದ ಹೆಂಗಸರು ಕಡಿಮೆ.
ಹೆಗಲು, ತೋಳು, ಎದೆಸುತ್ತು, ಬೆನ್ನಿನ ಇಳಿತ,
ಎಲ್ಲ ಆ ಕೆಂಪು ರಟ್ಟಿನ ಪುಸ್ತಕದಲ್ಲಿ ಉಂಟು.
ಯಾರು ತುಂಬಿಕೊಂಡರು, ಯಾರು ಒಣಗಿದರು
ಗಂಡಂದಿರಿಗಿಂತ ಮೊದಲು ನನಗೆ ಗೊತ್ತು.

ತಂಗಿ ಚಂಚಲಾಕ್ಷಿಯ ಮಗುವಿಗೆ ಮಾತ್ರ
ಟೇಪು ಮುಟ್ಟಿಸಲು ಬಿಡಲಿಲ್ಲ.
ಮಣಿಪಾಲದ ಆಸ್ಪತ್ರೆ, ಗಾಜಿನ ಪೆಟ್ಟಿಗೆ.
ಹೊರಗೆ ನಿಂತು ಕಣ್ಣಲ್ಲೇ ಅಳೆದೆ:
ನನ್ನ ಮೊಣಕೈಯಿಂದ ಬೆರಳ ತುದಿ, ಅಷ್ಟೂ ಇಲ್ಲ.
ಎರಡು ತಿಂಗಳು ಮೊದಲೇ ಹೊರಟು ಬಂದವಳು,
ಒಂದು ಸಾವಿರದ ಇನ್ನೂರ ಹತ್ತು ಗ್ರಾಂ.
ಒಂದು ಅಂಜಲ್ ಮೀನು ಇದಕ್ಕಿಂತ ಭಾರ
ಎಂದು ಬಾಯಿಗೆ ಬಂತು. ನುಂಗಿದೆ.

ಗುಡ್ಡ ಇಳಿಯುವ ಬಸ್ಸಿನಲ್ಲೇ ನಿರ್ಧಾರ ಮಾಡಿದೆ.
ಮನೆಗೆ ಬಂದರೆ ಮಲಗಿಸಲು ಒಂದು ಹಾಸು ಬೇಕು.
ಬಂದರೆ ಅಲ್ಲ,
ಬಂದಾಗ.

ಹೊಸ ಬಟ್ಟೆ ಬೇಡ, ಚುಚ್ಚುತ್ತದೆ.
ಅಮ್ಮ ಉಟ್ಟು ಉಟ್ಟು ಬೆಣ್ಣೆಯಾದ ಉಡುಪಿ ಸೀರೆ ಅಡಿಗೆ.
ಮೇಲಕ್ಕೆ ತುಂಡುಗಳು: ಸಲೋಮಿ ಟೀಚರ ಹಳೆ ಬ್ಲೌಸು,
ಮೈಮೂನಾಳ ಮದುವೆಯಲ್ಲಿ ಉಳಿದ ಹಸಿರು ಲೈನಿಂಗ್, ಮೂರು ಸಲ ತೊಳೆದದ್ದು,
ಚಂಚಲ ಆರನೇ ಕ್ಲಾಸಿಗೆ ಹಾಕಿದ ನೀಲಿ ಲಂಗ.
ಅದರ ಮಡಿಕೆ ಬಿಚ್ಚಿದರೆ
ಒಳಗೆ ಇನ್ನೂ ಅಂಗಡಿಯ ನೀಲಿ.

"ಈ ಸೆಕೆಯಲ್ಲಿ ಎಂಥದಕ್ಕೆ ಮಾರಾಯ್ತಿ ಇಷ್ಟು ದಪ್ಪದ್ದು?"
ಕೇಳಿದವರಿಗೆಲ್ಲ ಹೇಳಿದೆ, ಹೊದೆಯಲಿಕ್ಕಲ್ಲ, ಹಾಸಲಿಕ್ಕೆ.

ಇದಕ್ಕೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ.
ಬಂದರಿನಲ್ಲಿ ಮೀನು ಆರಿಸುವ ಕೊಪ್ಪಳದ ಹುಲಿಗೆವ್ವ
ರವಿಕೆ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತು
"ಕೌದಿ!" ಅಂದಳು, ಊರಿನವರು ಸಿಕ್ಕಿದ ಹಾಗೆ.
"ಮಿಷನ್ ಯಾಕ ಅಕ್ಕಾರ, ಇದನ್ನ ಕೈಲೇ ಹೊಲೀಬೇಕ್ರಿ.
ಅಂಚಿನಿಂದ ಸುತ್ತಕೋಂತ ನಡುವಿಗೆ ಬರಬೇಕು.
ಮತ್ತ ಕೌದಿ ಹೊಟ್ಟಿ ಬರಿದ ಇರಬಾರದು."
ಡಬ್ಬಿಯಿಂದ ನಾಲ್ಕು ಕಾಳು ಕುಚ್ಚಲಕ್ಕಿ ಕೊಟ್ಟೆ.
ಅಂಗೈಯಲ್ಲಿ ಹೊರಳಿಸಿ ನಕ್ಕಳು, "ಇದೂ ಅಕ್ಕೀನ!"
ಮೂಲೆಯೊಳಗೆ ಸೇರಿಸಿ ಮುಚ್ಚಿದಳು.

ರಾತ್ರಿ ಚಂಚಲ ಫೋನು ಮಾಡುತ್ತಾಳೆ.
ಊಟ ಆಯ್ತಾ ಇಲ್ಲ, ಎಂತದೂ ಇಲ್ಲ, ಬರೇ ಅಂಕಿ.
ಇಪ್ಪತ್ತು ಹೆಚ್ಚು.
ಇವತ್ತು ಹತ್ತು ಕಡಿಮೆ.
ಹೆಚ್ಚಾದ ರಾತ್ರಿ ಒಂದು ಸುತ್ತು ಹೊಲಿದು ಮಲಗಿದೆ,
ಕಡಿಮೆಯಾದ ರಾತ್ರಿ ಎರಡು.

ಅವಳೇ ಕಳಿಸಿದ ಹಳೆ ಬಟ್ಟೆಯ ಗಂಟಿನಲ್ಲಿ
ನೆಲ ಒರೆಸಲಿಕ್ಕೆ ಎಂದು
ಅವನ ಒಂದು ಅಂಗಿ ಇತ್ತು.
ಬಿಳಿಯ ಮೇಲೆ ಸಪೂರ ಕಪ್ಪು ಗೆರೆ.
ಮದುವೆಯ ವಾರ ಅದರ ತೋಳು ಗಿಡ್ಡ ಮಾಡಿಕೊಟ್ಟವಳು ನಾನೇ.
ಕಾಪುವಿನಿಂದ ಮಣಿಪಾಲಕ್ಕೆ ಎಷ್ಟು ದೂರ?
ನಲವತ್ತು ದಿನದಲ್ಲಿ ಒಮ್ಮೆಯೂ ಬರಲಿಲ್ಲ.

ಗುಬ್ಬಿ ಕಿತ್ತೆ. ಕಾಲರ್ ಬಿಚ್ಚಿದೆ.
ಕಿಸೆಯಲ್ಲಿ ಒಂದು ಬಸ್ ಟಿಕೇಟು, ಒಗೆದು ಒಗೆದು ಹಿಟ್ಟಾದದ್ದು.
ಒಲೆಗೆ ಹಾಕಬಹುದಿತ್ತು.
ಆದರೆ ಅಪ್ಪಟ ಹತ್ತಿ, ಒಳ್ಳೆಯ ನೇಯ್ಗೆ;
ಬಟ್ಟೆಯ ಮೇಲೆ ನನಗೆ ಎಂಥ ಕೋಪ?
ಮೇಲಿನ ತುಂಡುಗಳಿಗೂ ಅಮ್ಮನ ಸೀರೆಗೂ ನಡುವೆ ಹರಡಿದೆ,
ಮಗುವಿನ ಮೈಗೆ ತಾಗದ ಹಾಗೆ,
ಬರೇ ಬೆಚ್ಚಗೆ ಮಾಡುವ ಹಾಗೆ.
ಅಷ್ಟಾದರೂ ಮಾಡಲಿ.
ಹುಲಿಗೆವ್ವ ನೋಡಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಒಂದು ಸಾವಿರದ ಒಂಬೈನೂರಕ್ಕೆ ಬಿಟ್ಟರು.
ಬಂದ ಮಧ್ಯಾಹ್ನವೇ ಒದ್ದೆ ಮಾಡಿದಳು ಮಹಾರಾಯ್ತಿ,
ನೀಲಿ ದಾಟಿ, ಗೆರೆ ದಾಟಿ, ಅಜ್ಜಿಯ ಸೀರೆಯವರೆಗೆ.
ಅಷ್ಟು ಸಣ್ಣ ಜೀವದಲ್ಲಿ ಅಷ್ಟು ನೀರು ಎಲ್ಲಿತ್ತೋ!

ಹಿಂಡಿ, ಹಿತ್ತಿಲ ನೈಲಾನ್ ಹಗ್ಗಕ್ಕೆ
ಚಂಚಲಳೇ ಹಾಕಿದಳು. ಬೇಡ, ನಾನು ಹಾಕುತ್ತೇನೆ ಎಂದರೆ ಕೇಳಲಿಲ್ಲ.
ಹಿಂದಿನಿಂದ ಬಿಸಿಲು.
ಒದ್ದೆ ಬಟ್ಟೆಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ:
ತುಂಡುಗಳ ಹಿಂದೆ ಸಪೂರ ಗೆರೆಗಳು,
ಬಿಚ್ಚದೆ ಬಿಟ್ಟ ಕಿಸೆಯ ಚೌಕ.
ನಾನು ಬಾಗಿಲಲ್ಲಿ ಬಿದ್ದ ಸೂಜಿ ಹುಡುಕುವವಳಂತೆ ಬಗ್ಗಿದೆ.

ಅವಳು ತುಂಬ ಹೊತ್ತು ನೋಡಿದಳು.
ಮತ್ತೆ ಅದನ್ನು ಮಗುಚಿ ಹಾಕಿ,
ಗಾಳಿಗೆ ಹಾರದ ಹಾಗೆ
ಎರಡು ಕ್ಲಿಪ್ಪು ಹೆಚ್ಚು ಸಿಕ್ಕಿಸಿದಳು.